ರಿಜಿಸ್ಟರ್ಡ್ ಅಂಚೆ: ಒಂದು ಪ್ರಶ್ನೆಯನ್ನಾದರೂ ಕೇಳಲಿ

ಮಾನ್ಯ ಸಂಪಾದಕರೇ,

ಪುಸ್ತಕಗಳಿಗಿದ್ದ ಅಗ್ಗದ ರಿಜಿಸ್ಟರ್ಡ್ ದರ 2024ರ ಡಿಸೆಂಬರಿನಲ್ಲಿ ನಿಂತಿತು. 2025ರಲ್ಲಿ ರಿಜಿಸ್ಟರ್ಡ್ ಅಂಚೆಯೇ ಸ್ಪೀಡ್ ಪೋಸ್ಟಿನಲ್ಲಿ ಲೀನವಾಯಿತು. ಪಹಣಿ ತಿದ್ದುಪಡಿಗೆ ಅರ್ಜಿ ಕಳಿಸಿದ ರೈತ ಸಹಿಯಾಗಿ ಬಂದ ಎ.ಡಿ. ಕಾರ್ಡನ್ನು (ಅಂಚೆ ತಲುಪಿದ್ದಕ್ಕೆ ಸ್ವೀಕೃತಿ ಚೀಟಿ) ಪಾಸ್‌ಪುಸ್ತಕದ ಹೊದಿಕೆಯೊಳಗೆ ಜೋಪಾನ ಮಾಡುತ್ತಿದ್ದುದನ್ನು ಕೌಂಟರಿನ ಈಚೆಯಿಂದ ಕಂಡವನು ನಾನು. ನಮ್ಮ ಸಂಸದರು ಈ ಬಗ್ಗೆ ಲೋಕಸಭೆಯಲ್ಲಿ ಒಂದು ಪ್ರಶ್ನೆ ಕೇಳಲಿ ಎಂದರೆ ಕಡೂರಿನ ಹೋಟೆಲುಗಳಲ್ಲಿ ಸಿಗುವ ಉತ್ತರ ಒಂದೇ: ‘ಒಬ್ಬ ಸಂಸದ ಏನು ಮಾಡಿಯಾರು ಬಿಡಿ ಸ್ವಾಮಿ.’

ಬ್ರಿಟಿಷ್ ಸಂಸತ್ತಿನಲ್ಲಿದ್ದ ಹೆನ್ರಿ ಫಾಸೆಟ್ ಅವರನ್ನು ಇಂಥವರಿಗೆ ಪರಿಚಯಿಸಬೇಕು. 1858ರಲ್ಲಿ ಬೇಟೆಗೆ ಹೋದಾಗ ತಂದೆಯ ಬಂದೂಕಿನ ಚರೆ ತಗುಲಿ ಎರಡೂ ಕಣ್ಣು ಹೋದವು. ಆಗ ವಯಸ್ಸು ಇಪ್ಪತ್ತೈದು. ಐದೇ ವರ್ಷಕ್ಕೆ ಕೇಂಬ್ರಿಡ್ಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು, 1865ರಲ್ಲಿ ಬ್ರೈಟನ್ ಕ್ಷೇತ್ರದಿಂದ ಸಂಸತ್ತಿಗೆ ಗೆದ್ದರು. 1867ರಲ್ಲಿ ತುರ್ಕಿಯ ಸುಲ್ತಾನ ಲಂಡನ್ನಿಗೆ ಬಂದಾಗ ಭಾರತ ವ್ಯವಹಾರಗಳ ಕಚೇರಿ ಅದ್ದೂರಿ ನೃತ್ಯಕೂಟ ನಡೆಸಿ, ಖರ್ಚನ್ನು ಭಾರತದ ಬೊಕ್ಕಸಕ್ಕೆ ಬರೆಯಿತು. ಕುಣಿದವರು ಅವರು, ಕಂದಾಯ ಕಟ್ಟುವವರು ನಮ್ಮವರು! ಇದು ಯಾವ ನ್ಯಾಯವೆಂದು ಸದನದಲ್ಲಿ ಕೇಳಿದವರು ಫಾಸೆಟ್. ಭಾರತದ ಬಜೆಟ್ ಚರ್ಚೆಗೆ ಬರುತ್ತಿದ್ದುದೇ ಅಧಿವೇಶನದ ಕೊನೆಗೆ, ಬೆಂಚುಗಳು ಬರಿದಾದ ಮೇಲೆ. ಬೇರೆಯವರಿಂದ ಓದಿಸಿಕೊಂಡ ಅಂಕಿಅಂಶಗಳನ್ನು ನೆನಪಿನಲ್ಲಿಟ್ಟುಕೊಂಡು ಅವರು ಅಲ್ಲೇ ವಾದಿಸುತ್ತಿದ್ದರು. ಇದರಿಂದ ಬ್ರೈಟನ್ನಿನಲ್ಲಿ ಒಂದು ಮತವೂ ಹೆಚ್ಚುವಂತಿರಲಿಲ್ಲ, 1874ರಲ್ಲಿ ಸೋತೇಬಿಟ್ಟರು. ಮುಂದಿನ ಚುನಾವಣೆಯ ಖರ್ಚಿಗೆಂದು ಭಾರತದ ಜನರೇ ಅವರಿಗಾಗಿ ಚಂದಾ ಎತ್ತಿದರು. ಅದೇ ವರ್ಷ ಫಾಸೆಟ್ ಲಂಡನ್ನಿನ ಹ್ಯಾಕ್ನಿ ಕ್ಷೇತ್ರದಿಂದ ಮತ್ತೆ ಗೆದ್ದು ಬಂದರು.

1880ರಲ್ಲಿ ಅವರು ಅಂಚೆ ಖಾತೆಯ ಮುಖ್ಯಸ್ಥರಾದರು. ನನಗೆ ಅವರಲ್ಲಿ ಅಭಿಮಾನ ಹುಟ್ಟಿಸಿದ್ದು ಈ ಭಾಗ. ಅಂಚೆ ಉಳಿತಾಯ ಖಾತೆಗೆ ಕನಿಷ್ಠ ಒಂದು ಶಿಲ್ಲಿಂಗ್ ಕಟ್ಟಬೇಕಿತ್ತು. ಕೂಲಿಯವರ ಕೈಯಲ್ಲಿ ಅಷ್ಟು ಒಟ್ಟಿಗೆ ಎಲ್ಲಿಂದ ಬರಬೇಕು? ಫಾಸೆಟ್ ಒಂದು ನಮೂನೆ ಹೊರಡಿಸಿದರು: ಕಾಸಿದ್ದಾಗ ಒಂದೊಂದು ಪೆನ್ನಿಯ ಅಂಚೆಚೀಟಿ ಕೊಂಡು ಅದಕ್ಕೆ ಅಂಟಿಸಿ, ಹನ್ನೆರಡು ತುಂಬಿದಾಗ ಕೊಟ್ಟರೆ ಶಿಲ್ಲಿಂಗ್ ಜಮಾ. ಇಂಥ ಬುದ್ಧಿ ಕಡತ ನೋಡಿದ ಮಾತ್ರಕ್ಕೆ ಬರುವುದಿಲ್ಲ. 1883ರಲ್ಲಿ ಪಾರ್ಸೆಲ್ ಅಂಚೆಯನ್ನೂ ಶುರು ಮಾಡಿದರು. ಮರುವರ್ಷ ತೀರಿಕೊಂಡಾಗ ಇನ್ನೂ ಅದೇ ಹುದ್ದೆಯಲ್ಲಿದ್ದರು.

ಕಡೂರಿನವರಾದ ನಮಗೆ ಜಿಲ್ಲೆ ಚಿಕ್ಕಮಗಳೂರು, ಲೋಕಸಭೆಯ ಮತ ಹಾಸನಕ್ಕೆ. ಆದ್ದರಿಂದ ಎರಡೂ ಕ್ಷೇತ್ರಗಳ ಸಂಸದರಲ್ಲಿ ಯಾರು ಕೇಳಿದರೂ ಸರಿ. ಅರ್ಧ ಕಿಲೋ ಪುಸ್ತಕವನ್ನು ರಸೀದಿ ಸಹಿತ ಕಳಿಸಲು ಹಿಂದೆ ಎಷ್ಟಾಗುತ್ತಿತ್ತು, ಈಗ ಎಷ್ಟು? ಹಳೆಯ ದರ ತೆಗೆದುಹಾಕಿದ್ದರಿಂದ ಇಲಾಖೆಗೆ ಉಳಿದದ್ದೆಷ್ಟು? ಸ್ಪೀಡ್ ಪೋಸ್ಟಿಗೇ ಹೆಚ್ಚುವರಿ ಶುಲ್ಕ ಕಟ್ಟಿ ನೋಂದಣಿ ಮಾಡಿಸಬಹುದೆಂಬ ಉತ್ತರ ನನಗೆ ಗೊತ್ತಿದೆ, ಅದನ್ನು ಬಿಟ್ಟು ಲೆಕ್ಕ ಕೊಡಲಿ. ಲಿಖಿತ ಉತ್ತರವಾದರೂ ಆದೀತು.

— ನಿವೃತ್ತ ಪೋಸ್ಟ್ ಮಾಸ್ಟರ್, ಕಡೂರು