ಪೀಣ್ಯದ 'ನಾಳೆ'

ಪ್ರಿಯ ಗೆಳೆಯ,

ಡಿಸೈನ್ ವಿಭಾಗ ಬಿಟ್ಟು ನನ್ನಂತೆ ಪ್ರಾಜೆಕ್ಟ್ ಮ್ಯಾನೇಜರ್ ಆಗಲೇ ಎಂದು ನೀನು ಕೇಳಿ ಮೂರು ವಾರವಾಯಿತು. ಉತ್ತರ ತಡವಾದದ್ದೇ ಅರ್ಧ ಉತ್ತರ ಎಂದುಕೋ. ಈ ಮೂರು ವಾರ ನಾನು ಒಂದು ಗೇರ್ ಶಾಫ್ಟಿನ ಹಿಂದೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತವನ್ನೆಲ್ಲ ಅಲೆದೆ.

ಬೆಳಗಾವಿಯಲ್ಲಿರುವ ನಿನಗೆ ನಮ್ಮದು ದೊಡ್ಡ ಕಾರ್ಖಾನೆ ಎನ್ನಿಸಿರಬಹುದು. ನಮ್ಮ ನಿಜವಾದ ಕಾರ್ಖಾನೆ ಪೀಣ್ಯದ ಬೀದಿಗಳು. ಶಾಫ್ಟನ್ನು ಲೇತಿಗೆ ಕೊಡುವವನು ಒಬ್ಬ, ಹಲ್ಲು ಕೊರೆಯುವವನು ಇನ್ನೊಬ್ಬ, ಗಡುಸು ಮಾಡುವ ಕುಲುಮೆ ಮೂರನೆಯವನದು, ಗ್ರೈಂಡಿಂಗ್‌ಗೆ ನಾಲ್ಕನೆಯ ಬಾಗಿಲು. ನಡುವೆ ಓಡಾಡುವುದು ಗೂಡ್ಸ್ ಆಟೊ. ಯಾವ ಕೆಲಸಕ್ಕೆ ಎಷ್ಟು ದಿನ ಎಂದು ಗೆರೆ ಎಳೆದು ತೋರಿಸುವ ನನ್ನ ಗ್ಯಾಂಟ್ ಚಾರ್ಟಿನಲ್ಲಿ ಇದಿಷ್ಟೂ ಒಂದೇ ಗೆರೆ: 'ಶಾಫ್ಟ್, 12 ದಿನ'. ಆಟೊದವನು ಮಗಳನ್ನು ಶಾಲೆಗೆ ಸೇರಿಸಲು ಹೋದ ಮಧ್ಯಾಹ್ನಕ್ಕೆ ಆ ಗೆರೆಯಲ್ಲಿ ಜಾಗವಿಲ್ಲ.

"ನಾಳೆ ಕೊಡುತ್ತೇನೆ ಸಾರ್" ಎಂದರೆ ಒಬ್ಬನಿಗೆ ನಾಳೆ ಸಂಜೆ, ಇನ್ನೊಬ್ಬನಿಗೆ ಶನಿವಾರ, ಮತ್ತೊಬ್ಬನಿಗೆ ಹಳೆಯ ಬಾಕಿ ಕೈಸೇರಿದ ಮರುದಿನ. ನನಗೆ ಆ ಮೂರನೆಯವನೇ ಇಷ್ಟ, ಅವನ ಲೆಕ್ಕ ಸ್ಪಷ್ಟ. ಹಿಂದೆ ದೆವ್ವ ಬಾರದಿರಲೆಂದು ಮನೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, ಕೆಲವು ಶೆಡ್ಡುಗಳ ಪಾಲಿಗೆ ಆ ದೆವ್ವ ನಾನು.

ಆದರೆ ನನಗೆ ಪೆಟ್ಟು ಬಿದ್ದದ್ದು ಅವರ ನಾಳೆಯಿಂದಲ್ಲ. ಎರಡು ವರ್ಷದ ಹಿಂದೆ ಯಂತ್ರ ಕೂರುವ, ಮೂರು ಮೀಟರ್ ಉದ್ದದ ಒಂದು ಬೇಸ್ ಫ್ರೇಮಿನ ವೆಲ್ಡಿಂಗ್ ನಾಲ್ಕು ದಿನ ತಡವಾಗಿತ್ತು. ಡ್ರಾಯಿಂಗಿನಲ್ಲಿ ಸ್ಟ್ರೆಸ್ ರಿಲೀವಿಂಗ್, ಅಂದರೆ ಬೆಸುಗೆಯ ಒಳಬಿಗಿತ ಇಳಿಸುವ ಕೆಲಸ, ಬರೆದಿತ್ತು: ಕುಲುಮೆಯಲ್ಲಿ 600 ಡಿಗ್ರಿಗೂ ಮೇಲೆ ಕಾಯಿಸಬೇಕು, ದಪ್ಪದ ಪ್ರತಿ 25 ಮಿ.ಮೀ.ಗೆ ಒಂದು ಗಂಟೆ ಹಿಡಿದಿಡಬೇಕು, ಕುಲುಮೆಯಲ್ಲೇ ನಿಧಾನವಾಗಿ ತಣಿಸಬೇಕು. ಸಾಗಣೆ, ಸರದಿ ಎಲ್ಲ ಸೇರಿ ನಾಲ್ಕು ದಿನದ ಕೆಲಸ. ಅದನ್ನೇ ಬಿಟ್ಟರೆ ಲೆಕ್ಕ ಸರಿಹೋಗುತ್ತದಲ್ಲ ಎಂದುಕೊಂಡೆ. ನಮ್ಮ ಹಿರಿಯ ಫಿಟ್ಟರ್ ಒಂದೇ ಮಾತು ಹೇಳಿದರು: "ಸಾರ್, ಇದಕ್ಕೆ ಬೆಸುಗೆಯ ಸಿಟ್ಟು ಇನ್ನೂ ಇಳಿದಿಲ್ಲ." ನಾನು ನಕ್ಕೆ.

ಮೇಲ್ಮೈ ಹೆರೆಯುವ ಮಿಲ್ಲಿಂಗ್ ಮುಗಿಯುವ ತನಕ ಅಳತೆಯ ಡಯಲ್ ಅಲುಗಲಿಲ್ಲ. ಕ್ಲ್ಯಾಂಪ್ ಸಡಿಲಿಸಿದೊಡನೆ ಫ್ರೇಮ್ ನಡುವೆ 0.6 ಮಿ.ಮೀ. ಉಬ್ಬಿತು. ಆರು ಹಾಳೆ ಕಾಗದ ಒಟ್ಟಿದಷ್ಟು ದಪ್ಪ, ಅಷ್ಟೇ. ನಮಗೆ ಅವಕಾಶವಿದ್ದದ್ದು 0.05 ಮಿ.ಮೀ. ಬೆಸುಗೆ ತಣಿಯುವಾಗ ಲೋಹದೊಳಗೆ ಸಿಕ್ಕಿಕೊಂಡ ಬಿಗಿತಗಳು ಒಂದನ್ನೊಂದು ಎಳೆದು ಹಿಡಿದು ನಿಂತಿರುತ್ತವೆ. ಮೇಲಿನ ಪದರ ಹೆರೆದರೆ ಆ ಜಗ್ಗಾಟದಲ್ಲಿ ಒಂದು ಪಕ್ಷ ಸೋಲುತ್ತದೆ. ಇದನ್ನು ನೀನೂ ನಾನೂ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರೇ. ಮತ್ತೆ ಬೆಸುಗೆ ತುಂಬಿ, ಕಾಯಿಸಿ, ಹೆರೆದು ಮುಗಿಸುವಾಗ ಮೂರು ವಾರ ಹೋಯಿತು. ತಡವಾದರೆ ದಂಡ ವಾರಕ್ಕೆ ಒಪ್ಪಂದದ ಮೊತ್ತದ ಶೇ. 0.5.

ಉಬ್ಬು ಕಂಡದ್ದು ಸೋಮವಾರ. ಗ್ರಾಹಕರಿಗೆ ಹೇಳಿದ್ದು ಗುರುವಾರ. ನಡುವಿನ ಮೂರು ದಿನ ನಾನು ಏನು ಮಾಡಿದೆ ಗೊತ್ತೇ? ಏನಾದರೂ ದಾರಿ ಹೊಳೆಯಲಿ, ನಾಳೆ ಹೇಳೋಣ ಎಂದು ಕುಳಿತೆ. ಅವರು ದಂಡದ ಮಾತೆತ್ತುವ ಮೊದಲು ಕೇಳಿದ್ದು ಒಂದೇ: "ನಿಮಗೆ ಯಾವತ್ತು ಗೊತ್ತಾಯಿತು?" ಅಲ್ಲಿ ಅವರ ಅಡಿಪಾಯದ ಕೂಲಿಗಳು ಆ ಮೂರು ದಿನವೂ ಪಾಳಿಗೆ ಬಂದು ಖಾಲಿ ಕುಳಿತಿದ್ದರು.

ಸಾಗಣೆಯ ಕಥೆ ಬೇರೆಯೇ. ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯನ್ನು 2021ರ ಡಿಸೆಂಬರ್‌ನಲ್ಲಿ ಮುಚ್ಚಿದರು. ಭಾರಿ ವಾಹನಗಳಿಗೆ ಮತ್ತೆ ತೆರೆದದ್ದು 2024ರ ಜುಲೈ ಕೊನೆಗೆ. ಅಲ್ಲಿಯತನಕ ನಮ್ಮ ಟ್ರೈಲರ್‌ಗಳು ಕೆಳಗೆ ತೆವಳಿದವು. ಆಯುಧಪೂಜೆಯ ವಾರವನ್ನಂತೂ ಚಾರ್ಟಿನಲ್ಲಿ ಖಾಲಿ ಬಿಡಬೇಕು. ಕುಂಬಳಕಾಯಿ ಒಡೆಯದೆ ಲೇತ್ ತಿರುಗಿಸುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ, ನನಗೂ ಇಲ್ಲ.

ನೀನು ಗೆರೆ ಎಳೆದ ಒಂದು ಬ್ರ್ಯಾಕೆಟ್ ಎಲ್ಲೋ ಇಪ್ಪತ್ತು ವರ್ಷ ಭಾರ ಹೊತ್ತು ನಿಂತಿರುತ್ತದೆ. ನಾನು ತೋರಿಸಲು ಅಂಥದ್ದೇನೂ ಇಲ್ಲ. "ದಿನವಿಡೀ ಫೋನಿನಲ್ಲಿ ಮಾತನಾಡುವುದಕ್ಕೆ ಸಂಬಳವೇ?" ಎಂದು ಅಮ್ಮ ಕೇಳುತ್ತಾಳೆ. ಆದರೂ ಯಂತ್ರ ಮೊದಲ ಬಾರಿ ತಿರುಗಿದಾಗ ಬೇರಿಂಗಿನ ಮನೆಯ ಮೇಲೆ ಅಂಗೈ ಇಟ್ಟು ನೋಡುವ ಚಪಲ ಹೋಗಿಲ್ಲ. ಬಿಸಿ ಹದವಾಗಿದ್ದರೆ ಆ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ.

ನೀನು ಸಂಕೋಚದ ಮನುಷ್ಯ. ಕೈಸಾಲ ಕೇಳಲು ಹಾಸ್ಟೆಲಿನಲ್ಲಿ ನಾಲ್ಕು ದಿನ ನನ್ನ ಕೋಣೆಯ ಮುಂದೆ ಸುಳಿದಾಡಿದವನು. ಈ ಕೆಲಸದಲ್ಲಿ ಕೇಳುವುದನ್ನೂ ಹೇಳುವುದನ್ನೂ ನಾಳೆಗೆ ಇಡುವಂತಿಲ್ಲ. ಆದ್ದರಿಂದ ಇನ್ನೊಂದು ವರ್ಷ ಅಲ್ಲೇ ಇರು, ವಾರಕ್ಕೊಂದು ದಿನ ಶಾಪ್ ಫ್ಲೋರಿನಲ್ಲಿ ನಿಂತು ಫಿಟ್ಟರ್‌ಗಳ ಮಾತು ಕೇಳು. ಆಮೇಲೂ ಆಸೆ ಉಳಿದಿದ್ದರೆ ಬಾ.

ಈಗ ನನ್ನದೊಂದು ಕೆಲಸ. ನಿಮ್ಮೂರಿನ ಫೌಂಡ್ರಿಯೊಂದರಲ್ಲಿ ನಮ್ಮ ಎರಡು ಗೇರ್‌ಬಾಕ್ಸ್ ಎರಕಗಳಿವೆ, ವಿಳಾಸ ಕಳಿಸುತ್ತೇನೆ. ನಾಳೆ ಲಾರಿಗೆ ಹೇರುತ್ತಾರಂತೆ. ದಯವಿಟ್ಟು ಹೋಗಿ ನೋಡು. ಎರಕ ಹೊಯ್ದಿದ್ದಾರೋ, ಮರದ ಅಚ್ಚು ಇನ್ನೂ ಗೋಡೆಗೆ ಒರಗಿಕೊಂಡೇ ಇದೆಯೋ, ಕಣ್ಣಾರೆ ಕಂಡದ್ದನ್ನಷ್ಟೇ ಬರೆ. ಬರುವಾಗ ಕುಂದಾ ತರುವುದನ್ನು ಮರೆಯಬೇಡ.

ನಿನ್ನ ಗೆಳೆಯ