ಬಫೆ ಊಟಕ್ಕೆ ಮುಂಚೆ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಮುಂದಿನ ಶನಿವಾರ ಸಂಜೆ 30 ಜನರನ್ನು ಮನೆಗೆ ಊಟಕ್ಕೆ ಕರೆದಿದ್ದೀಯೆಂದೂ, ಅಷ್ಟು ಜನರನ್ನು ಕೂರಿಸಿ ಬಡಿಸುವುದಕ್ಕೆ ಜಾಗವೂ ಸಾಲದು, ಕೈಗಳೂ ಸಾಲವು ಎಂದು ಬಫೆ ಇಡುವುದಾಗಿ ನಿಶ್ಚಯಿಸಿದ್ದೀಯೆಂದೂ ನಿನ್ನ ಅಮ್ಮ ಹೇಳಿದಳು. "ಎಲ್ಲವನ್ನೂ ಮೇಜಿನ ಮೇಲೆ ಇಟ್ಟುಬಿಟ್ಟರೆ ಆಯಿತು, ಅವರವರೇ ಬಡಿಸಿಕೊಳ್ಳುತ್ತಾರೆ" ಎಂದೆಯಂತೆ. ಆ ಮಾತೇ ಈ ಪತ್ರಕ್ಕೆ ಕಾರಣ. ಬಡಿಸುವ ಸೌಟು ಅತಿಥಿಗಳ ಕೈಗೆ ಹೋಗುತ್ತದೆ, ನಿಜ. ಆದರೆ ಯಾರು ಎಷ್ಟು ಹೊತ್ತು ನಿಂತರು, ಯಾರಿಗೆ ಯಾವುದು ಸಿಗಲಿಲ್ಲ, ತಿಂದದ್ದು ಯಾರಿಗಾದರೂ ಆಗಿಬರಲಿಲ್ಲವೇ ಎಂಬುದರ ಹೊಣೆಯೆಲ್ಲ ನಿನ್ನಲ್ಲೇ ಉಳಿಯುತ್ತದೆ. ಕೂರಿಸಿ ಬಡಿಸುವಾಗ ಒಂದು ತಪ್ಪಾದರೆ ಮುಂದಿನ ಸುತ್ತಿನಲ್ಲಿ ತಿದ್ದಿಕೊಳ್ಳಬಹುದು. ಬಫೆಯಲ್ಲಾದರೋ ಮೊದಲ ಅತಿಥಿ ತಟ್ಟೆ ಎತ್ತಿಕೊಳ್ಳುವುದರೊಳಗೆ ನಿನ್ನ ಕೆಲಸದ ಮುಕ್ಕಾಲು ಪಾಲು ಮುಗಿದಿರಬೇಕು.

ನಾನು ಇದನ್ನು ಕಲಿತದ್ದು ಪೇಚಿಗೆ ಸಿಕ್ಕಿಕೊಂಡೇ. ನೀನು ತೀರಾ ಚಿಕ್ಕವಳಿದ್ದಾಗ ನಾವು ಮೊದಲ ಬಾರಿಗೆ ಬಫೆ ಇಟ್ಟಿದ್ದೆವು. ಓಡಾಡಲು ಜಾಗ ಉಳಿಯಲೆಂದು ಮೇಜನ್ನು ಗೋಡೆಗೆ ಒತ್ತಿ ಇಟ್ಟು, ತಟ್ಟೆ, ಚಮಚ, ಟಿಶ್ಯೂ, ನೀರಿನ ಲೋಟ ಎಲ್ಲವನ್ನೂ ಒಂದೇ ತುದಿಯಲ್ಲಿ ಅಂದವಾಗಿ ಜೋಡಿಸಿ ಹೆಮ್ಮೆಪಟ್ಟುಕೊಂಡಿದ್ದೆ. ಮೊದಲಿಗೆ ಬಂದ ಹಿರಿಯರೊಬ್ಬರು ಎಡಗೈಯಲ್ಲಿ ತಟ್ಟೆ ಹಿಡಿದರು. ಅದರ ಅಡಿಯಲ್ಲಿ ಬೆರಳುಗಳ ನಡುವೆ ಚಮಚ ಸಿಕ್ಕಿಸಿಕೊಂಡರು. ಟಿಶ್ಯೂವನ್ನು ಹೆಬ್ಬೆರಳಿನಿಂದ ತಟ್ಟೆಯ ಅಂಚಿಗೆ ಒತ್ತಿಕೊಂಡರು. ಲೋಟವನ್ನು ಕಂಕುಳಿನತ್ತ ಮೊಣಕೈಯಿಂದ ಅವುಚಿಕೊಂಡರು. ಉಳಿದಿದ್ದ ಒಂದೇ ಕೈಯಿಂದ ಪಾತ್ರೆಯ ಮುಚ್ಚಳ ತೆಗೆದ ಮೇಲೆ, ಆವಿ ಬಸಿಯುತ್ತಿದ್ದ ಆ ಮುಚ್ಚಳವನ್ನು ಎಲ್ಲಿಡಬೇಕೆಂದು ತಿಳಿಯದೆ ಸುತ್ತಲೂ ನೋಡಿದರು. ಅವರ ಹಿಂದೆ ಹನ್ನೆರಡು ಜನ ನಿಂತಿದ್ದರು. ಆ ಮುಚ್ಚಳ ಹಿಡಿದ ಕೈ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಆದ್ದರಿಂದ ಅಡುಗೆಯ ಪಟ್ಟಿಗಿಂತ ಮೊದಲು ಮೇಜನ್ನು ಯೋಚಿಸು. ಬಫೆ ಎಂಬ ಫ್ರೆಂಚ್ ಪದ ಮೊದಲು ಹೆಸರಾಗಿದ್ದದ್ದು ಊಟಕ್ಕಲ್ಲ, ಪಾತ್ರೆಪಡಗಗಳನ್ನಿಡುವ ಪೀಠೋಪಕರಣಕ್ಕೆ. ಊಟಕ್ಕೆ ಆ ಹೆಸರು ಅಂಟಿಕೊಂಡದ್ದು ಆಮೇಲೆ. ಮೇಜನ್ನು ಗೋಡೆಯಿಂದ ಈಚೆಗೆ ಎಳೆದು ಎರಡೂ ಕಡೆ ಜನ ಸಾಗುವಂತೆ ಮಾಡು. ಒಬ್ಬರ ಹಿಂದೆ ಒಬ್ಬರು 20 ಸೆಕೆಂಡಿಗೊಬ್ಬರಂತೆ ಹೊರಟರೂ ಒಂದೇ ಸಾಲಿನಲ್ಲಿ 30 ಜನರಿಗೆ 10 ನಿಮಿಷ ಬೇಕು, ಎರಡು ಸಾಲಾದರೆ ಅದರಲ್ಲಿ ಅರ್ಧ ಸಾಕು. ಎರಡು ಸಾಲು ಎಂದ ಮೇಲೆ ಪ್ರತಿ ಪಾತ್ರೆಗೂ ಎರಡು ಸೌಟು ಬೇಕೆಂಬುದನ್ನು ಮರೆಯಬೇಡ. ಇಲ್ಲದಿದ್ದರೆ ಆಚೆಯವರು ಈಚೆಯವರ ಸೌಟಿಗಾಗಿ ಕಾಯುತ್ತಾ ನಿಲ್ಲುತ್ತಾರೆ. ಸಾಲು ಶುರುವಾಗುವಲ್ಲಿ ತಟ್ಟೆಗಳು ಮಾತ್ರ ಇರಲಿ. ಚಮಚ ಮತ್ತು ಟಿಶ್ಯೂ ಕೊನೆಯಲ್ಲಿರಲಿ, ಏಕೆಂದರೆ ಬಡಿಸಿಕೊಂಡು ಮುಗಿಯುವವರೆಗೆ ಅವುಗಳಿಂದ ಯಾರಿಗೂ ಉಪಯೋಗವಿಲ್ಲ. ನೀರು ಮತ್ತು ಪಾನೀಯಗಳನ್ನು ಆ ಮೇಜಿನ ಹತ್ತಿರಕ್ಕೂ ತರಬೇಡ. ಕೋಣೆಯ ಇನ್ನೊಂದು ಮೂಲೆಯಲ್ಲಿ ಚಿಕ್ಕ ಮೇಜೊಂದನ್ನು ಹಾಕಿದರೆ ಜನ ತಾವಾಗಿಯೇ ಹಂಚಿಹೋಗುತ್ತಾರೆ, ಗುಂಪು ಒಂದೇ ಕಡೆ ಕಟ್ಟಿಕೊಳ್ಳುವುದಿಲ್ಲ. ಪ್ರತಿ ಪಾತ್ರೆಯ ಪಕ್ಕದಲ್ಲಿ ಒಂದು ಚಿಕ್ಕ ತಟ್ಟೆ ಇಡು. ಸೌಟು ಒರಗಿಸುವುದಕ್ಕೆ ಅದು ಬೇಕು. ಇಲ್ಲವಾದರೆ ಸೌಟು ಹಿಡಿಯ ಸಮೇತ ಪಾತ್ರೆಯೊಳಗೆ ಜಾರುತ್ತದೆ, ಅದನ್ನು ಯಾರಾದರೂ ಬೆರಳು ಅದ್ದಿ ಎತ್ತುತ್ತಾರೆ.

ಹಿಂದಿನ ರಾತ್ರಿಯೇ ಖಾಲಿ ಪಾತ್ರೆಗಳನ್ನು ಅವುಗಳ ಜಾಗದಲ್ಲಿಟ್ಟು, ಒಂದೊಂದರಲ್ಲೂ ಏನು ಬರುತ್ತದೆಂದು ಚೀಟಿ ಬರೆದು ಹಾಕಿ, ನೀನೇ ಒಂದು ತಟ್ಟೆ ಹಿಡಿದು ಈ ತುದಿಯಿಂದ ಆ ತುದಿಗೆ ನಡೆದು ನೋಡು. ಎಲ್ಲಿ ಕೈ ತಡೆಯುತ್ತದೆ, ಎಲ್ಲಿ ತೋಳು ಬಿಸಿ ಪಾತ್ರೆಯ ಮೇಲೆ ಹಾದುಹೋಗುತ್ತದೆ, ಯಾವ ಪಾತ್ರೆಗೆ ಜಾಗವೇ ಇಲ್ಲ ಎಂಬುದೆಲ್ಲ ಆ ಒಂದು ನಡಿಗೆಯಲ್ಲಿ ತಿಳಿದುಬಿಡುತ್ತದೆ. ನಿನ್ನ ಅಮ್ಮ ಇದನ್ನು ನೋಡಿ ನಗುತ್ತಿದ್ದಳು; ಈಗ ಅವಳೇ ನನಗಿಂತ ಮೊದಲು ತಟ್ಟೆ ಹಿಡಿದು ಹೊರಡುತ್ತಾಳೆ.

ಇನ್ನು ಏನು ಮಾಡಬೇಕೆಂಬುದು. ಬಫೆಯಲ್ಲಿ ಅರ್ಧ ಜನ ನಿಂತೇ ಉಣ್ಣುತ್ತಾರೆ, ಒಂದು ಕೈ ತಟ್ಟೆಗೇ ಮೀಸಲು. ಚಾಕುವಿನಿಂದ ಕತ್ತರಿಸಬೇಕಾದ್ದು, ಎರಡೂ ಕೈ ಹಾಕಿ ಬಿಡಿಸಬೇಕಾದ್ದು, ತಟ್ಟೆಯ ತುಂಬ ಹರಿದು ಸಿಹಿಯನ್ನೂ ಕರಿದದ್ದನ್ನೂ ತೋಯಿಸುವ ನೀರಾದ ಪದಾರ್ಥ, ಇವನ್ನು ಆ ದಿನಕ್ಕೆ ಬಿಟ್ಟುಬಿಡು. ನೀರಾದದ್ದು ಬೇಕೇ ಬೇಕೆಂದರೆ ಪಕ್ಕದಲ್ಲಿ ಬಟ್ಟಲುಗಳಿರಲಿ. ಮಾಡಿಟ್ಟ ಹತ್ತೇ ನಿಮಿಷಕ್ಕೆ ಮೆತ್ತಗಾಗುವ ಕರಿದ ತಿಂಡಿಗಳಿಗೂ ಬಫೆಗೂ ಆಗಿಬರುವುದಿಲ್ಲ. ಅವುಗಳ ಆಸೆಗೆ ಬಿದ್ದರೆ ನೀನು ಇಡೀ ಸಂಜೆ ಬಾಣಲೆಯ ಮುಂದೆ ನಿಲ್ಲಬೇಕಾಗುತ್ತದೆ. ಹದಿನಾಲ್ಕು ಬಗೆ ಮಾಡಿ ಯಾವುದೂ ಸಾಲದಂತಾಗುವುದಕ್ಕಿಂತ ಆರೇಳು ಬಗೆಯನ್ನು ಧಾರಾಳವಾಗಿ ಮಾಡುವುದು ಮೇಲು. ಅವುಗಳಲ್ಲಿ ಎರಡಾದರೂ ತಣ್ಣಗೆ ಬಡಿಸುವಂಥವಾಗಿದ್ದರೆ ಒಲೆಯ ಮೇಲಿನ ಒತ್ತಡ ಅಷ್ಟರಮಟ್ಟಿಗೆ ಇಳಿಯುತ್ತದೆ.

ಪ್ರಮಾಣದ ಲೆಕ್ಕ ಹೀಗೆ ಹಿಡಿ. ಅನ್ನದ ಜೊತೆಗೆ ಬೇರೆಯವೂ ಇರುವಾಗ ತಲೆಗೆ 75 ಗ್ರಾಂ ಅಕ್ಕಿ ಸಾಕು. 30 ಜನರಿಗೆ ಎರಡೂಕಾಲು ಕಿಲೋ ಅಕ್ಕಿಯಾಗುತ್ತದೆ, ಬೆಂದ ಮೇಲೆ ಅದು ಸುಮಾರು ಆರು ಕಿಲೋ ತೂಗುತ್ತದೆ. ಗಟ್ಟಿ ರಸದ ಪದಾರ್ಥ ಒಂದೇ ಇದ್ದರೆ ತಲೆಗೆ 120 ಮಿಲಿಲೀಟರ್ ಬೇಕಾಗುತ್ತದೆ. ಅಂಥವು ಮೂರಿದ್ದರೆ ಜನ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಹಾಕಿಕೊಳ್ಳುವುದರಿಂದ ಒಂದೊಂದಕ್ಕೆ 75 ಮಿಲಿಲೀಟರ್ ಸಾಕಾಗುತ್ತದೆ. ಮೊದಲು ಬಂದವರು ಧಾರಾಳವಾಗಿ ಬಡಿಸಿಕೊಂಡು ಕೊನೆಯವರಿಗೆ ಕಡಿಮೆ ಬೀಳುವ ಭಯವಿರುವ ಪದಾರ್ಥವನ್ನು ಸಾಲಿನ ಕೊನೆಗಿಟ್ಟು, ಅದಕ್ಕೆ ಚಿಕ್ಕ ಚಮಚ ಹಾಕು. ಇದು ಜಿಪುಣತನವಲ್ಲ, ಬೇಕಾದವರು ಎರಡು ಸಲ ಹಾಕಿಕೊಳ್ಳುತ್ತಾರೆ. ತಟ್ಟೆಗಳು 30 ಸಾಲವು, 40 ತೆಗೆದಿಡು. ಎರಡನೆಯ ಸಲ ಬಡಿಸಿಕೊಳ್ಳಲು ಬರುವವರು ಹೊಸ ತಟ್ಟೆ ಹಿಡಿಯುವುದೇ ಸರಿ, ಎಂಜಲು ತಟ್ಟೆಗೆ ತಗುಲಿದ ಸೌಟು ಮತ್ತೆ ಪಾತ್ರೆಗೆ ಹೋಗಬಾರದು. ಲೋಟಗಳನ್ನಂತೂ ಜನ ಎಲ್ಲೆಲ್ಲೋ ಇಟ್ಟು ಮರೆಯುತ್ತಾರೆ, ಆದ್ದರಿಂದ ಎರಡರಷ್ಟಿರಲಿ.

ನಾನು ನಿಜವಾಗಿ ಚಿಂತೆ ಮಾಡುವುದು ಬಿಸಿಯ ವಿಷಯಕ್ಕೆ. ಬೇಯಿಸಿದ ಆಹಾರದಲ್ಲಿ ರೋಗಾಣುಗಳು ವೇಗವಾಗಿ ಹೆಚ್ಚುವುದು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ. ಕೋಣೆಯ ಶಾಖವೂ ಬೆಚ್ಚಗೆ ಎನಿಸುವ ಪಾತ್ರೆಯೂ ಇದರೊಳಗೇ ಬರುತ್ತವೆ. ಬಿಸಿಯದ್ದು 60 ಡಿಗ್ರಿಯ ಮೇಲೆ, ತಣ್ಣನೆಯದು 5 ಡಿಗ್ರಿಯ ಕೆಳಗೆ ಇರಬೇಕು. ಹಾಗಿಡಲು ಆಗದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಕೋಣೆಯೇ 32 ಡಿಗ್ರಿ ದಾಟಿದ್ದರೆ ಆ ಅವಧಿ ಒಂದೇ ಗಂಟೆ. ಮೂರು ಗಂಟೆ ನಡೆಯುವ ಬಫೆಯಲ್ಲಿ ಒಂದು ದೊಡ್ಡ ಪಾತ್ರೆಯನ್ನು ಆರಂಭದಿಂದ ಕೊನೆಯವರೆಗೆ ಇಡುವುದೇ ತಪ್ಪಾಗುವುದು ಇಲ್ಲಿ. ಒಂದೊಂದು ಪದಾರ್ಥವನ್ನೂ ಎರಡು ಚಿಕ್ಕ ಪಾತ್ರೆಗಳಲ್ಲಿ ಹಂಚಿ, ಒಂದನ್ನು ಮೇಜಿಗಿಟ್ಟು ಇನ್ನೊಂದನ್ನು ಸಣ್ಣ ಉರಿಯ ಮೇಲೋ ಫ್ರಿಜ್ಜಿನಲ್ಲೋ ಇಟ್ಟುಕೊ. ಮೊದಲನೆಯದು ಮುಗಿಯುತ್ತಾ ಬಂದಾಗ ಅದನ್ನು ಒಳಗೆ ಒಯ್ದು ಎರಡನೆಯದನ್ನು ತಂದಿಡು. ಹಳೆಯದರ ಮೇಲೆ ಹೊಸದನ್ನು ಸುರಿಯಬೇಡ. ಹಾಗೆ ಸುರಿದರೆ ತಳದಲ್ಲಿರುವುದು ಎಷ್ಟು ಹೊತ್ತಿನದೆಂಬ ಲೆಕ್ಕವೇ ಸಿಗುವುದಿಲ್ಲ.

ಚೇಫಿಂಗ್ ಡಿಶ್ ಬಾಡಿಗೆಗೆ ತರುತ್ತೀಯಾದರೆ ಅದು ಅಡುಗೆಯನ್ನು ಬಿಸಿ ಮಾಡುವ ಸಾಧನವಲ್ಲ, ಬಿಸಿಯಾಗಿರುವುದನ್ನು ಹಾಗೆಯೇ ಉಳಿಸುವ ಸಾಧನ ಎಂಬುದು ನೆನಪಿರಲಿ. ಅದರ ತಳದ ಟ್ರೇಗೆ ಎರಡು ಬೆರಳಿನಷ್ಟು ಕುದಿಯುವ ನೀರನ್ನೇ ಹಾಕು. ತಣ್ಣೀರು ಹಾಕಿದರೆ ಮೊದಲ ಅರ್ಧ ಗಂಟೆ ಆ ನೀರು ನಿನ್ನ ಅಡುಗೆಯ ಶಾಖವನ್ನೇ ಹೀರಿಕೊಳ್ಳುತ್ತದೆ. ಕೆಳಗಿಡುವ ಜೆಲ್ ಡಬ್ಬಿಯ ಜ್ವಾಲೆ ತಿಳಿನೀಲಿ, ಬೆಳಕಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಆರಿದೆಯೆಂದು ಭಾವಿಸಿ ಕೈ ಹಾಕಬಾರದು, ಬಿಸಿಯಾಗಿರುವ ಡಬ್ಬಿಗೆ ಮತ್ತೆ ಜೆಲ್ ತುಂಬಲೇಬಾರದು. ಮೇಜಿನ ಬಟ್ಟೆ ಅಂಚಿನಿಂದ ಉದ್ದಕ್ಕೆ ಇಳಿಬಿದ್ದಿದ್ದರೆ ಮಗುವೊಂದು ಎಳೆದರೂ ಸಾಕು, ಅದನ್ನು ಮಡಚಿ ಪಿನ್ನು ಹಾಕು.

ಯಾರಿಗೆ ಏನು ಆಗದು ಎಂಬುದನ್ನು ಕರೆಯುವಾಗಲೇ ಕೇಳಿಬಿಡು. ಕಡಲೆಕಾಯಿ, ಗೋಡಂಬಿ, ಎಳ್ಳು, ಹಾಲು, ಮೊಟ್ಟೆ, ಗೋಧಿ ಇವುಗಳಲ್ಲಿ ಯಾವುದಿದ್ದರೂ ಪಾತ್ರೆಯ ಮುಂದಿನ ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿಡು. ಬಡಿಸುವವರಿದ್ದಾಗ ಅವರನ್ನು ಕೇಳಬಹುದು, ಬಫೆಯಲ್ಲಿ ಆ ಚೀಟಿಯೇ ಉತ್ತರ ಕೊಡಬೇಕು. ಕೆಲವರಿಗೆ ಒಂದು ಚೂರು ಕಡಲೆಕಾಯಿ ಕೂಡ ಪ್ರಾಣಾಪಾಯ ತರಬಲ್ಲದು. ಅಂಥವರಿದ್ದರೆ ಅವರ ಪಾಲನ್ನು ಬೇರೆ ಪಾತ್ರೆಯಲ್ಲಿ ಮೊದಲೇ ತೆಗೆದಿಟ್ಟು, ಮೇಜಿನ ಮೇಲಿನ ಸೌಟುಗಳು ಅದಕ್ಕೆ ತಾಗದಂತೆ ನೋಡಿಕೊ.

ವಯಸ್ಸಾದವರನ್ನೂ ಕೈಗೂಸಿರುವವರನ್ನೂ ಸಾಲಿನಲ್ಲಿ ನಿಲ್ಲಿಸಬೇಡ. ಅವರಿಗೆ ಕುರ್ಚಿ ತೋರಿಸಿ, ಏನು ಬೇಕೆಂದು ಕೇಳಿ, ತಟ್ಟೆ ತಂದು ಕೈಗೆ ಕೊಡು. ಕುರ್ಚಿಗಳು ಮೂವತ್ತು ಬೇಕಿಲ್ಲ, ಆದರೆ ತಟ್ಟೆ ಇಡಲು ಸಮತಟ್ಟಾದ ಜಾಗಗಳು ಅಲ್ಲಲ್ಲಿ ಬೇಕು. ಕಿಟಕಿಯ ಕಟ್ಟೆ, ಪುಸ್ತಕದ ಕಪಾಟಿನ ಮೇಲ್ಭಾಗ, ಸ್ಟೂಲು ಎಲ್ಲವನ್ನೂ ಖಾಲಿ ಮಾಡಿಡು. ಹಾಗೆಯೇ ತಿಂದಾದ ತಟ್ಟೆ ಎಲ್ಲಿಡಬೇಕೆಂಬುದು ಕಣ್ಣಿಗೆ ಬೀಳುವಂತಿರಲಿ. ಇಲ್ಲದಿದ್ದರೆ ಅವೆಲ್ಲ ಬಡಿಸುವ ಮೇಜಿಗೇ ಮರಳಿ ಬರುತ್ತವೆ.

ಉಳಿದದ್ದರ ವಿಷಯದಲ್ಲಿ ಮೋಹ ಬೇಡ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಹೊರಗೆ ಬೆಚ್ಚಗೆ ಕುಳಿತಷ್ಟೂ ಅವು ಮೊಳೆತು ವಿಷ ಕಟ್ಟುತ್ತವೆ, ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಮೇಜಿನ ಮೇಲೆ ಎರಡು ಗಂಟೆ ದಾಟಿದ ಅನ್ನವನ್ನು ಯಾರಿಗೂ ಕಟ್ಟಿಕೊಡಬೇಡ. ಒಳಗೇ ಬಿಸಿಯಾಗಿ ಉಳಿದದ್ದನ್ನು ಅಗಲವಾದ, ಆಳವಿಲ್ಲದ ತಟ್ಟೆಗಳಿಗೆ ತೆಳುವಾಗಿ ಹರಡಿ, ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸು. ದೊಡ್ಡ ಪಾತ್ರೆಯಲ್ಲಿ ಹಾಗೆಯೇ ಇಟ್ಟರೆ ಅದರ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ.

ನಿನ್ನ ಮನೆಯಲ್ಲಿ ಸೌಟುಗಳು ನಾಲ್ಕಕ್ಕಿಂತ ಹೆಚ್ಚಿಲ್ಲ ಎಂಬುದು ನನಗೆ ಗೊತ್ತು. ಏಳು ಪದಾರ್ಥಕ್ಕೆ ಎರಡೆರಡರಂತೆ ಹದಿನಾಲ್ಕು ಬೇಕು. ನಮ್ಮಲ್ಲಿರುವ ಎಂಟನ್ನು ತೊಳೆದು ಕಟ್ಟಿಟ್ಟಿದ್ದೇನೆ, ಇನ್ನೆರಡನ್ನು ಅಮ್ಮ ಪಕ್ಕದ ಮನೆಯಿಂದ ಕೇಳಿ ತಂದಿದ್ದಾಳೆ. ಶುಕ್ರವಾರ ಸಂಜೆಯೇ ಬರುತ್ತೇವೆ. ಅಷ್ಟರೊಳಗೆ ಮೇಜನ್ನು ಗೋಡೆಯಿಂದ ಈಚೆಗೆ ಎಳೆದಿಟ್ಟಿರು.

ನಿನ್ನ,
ಅಪ್ಪ