ನೆರೆ ನಕ್ಷೆಯಲ್ಲಿ ಕಾಂಡ್ಲಾ ನೆತ್ತಿಯೇ ನೆಲ!

ಮಾನ್ಯರೆ,

ಉತ್ತರ ಕನ್ನಡದ ಕಾಳಿ, ಗಂಗಾವಳಿ, ಅಘನಾಶಿನಿ ನದಿ ದಂಡೆಯ ಊರುಗಳಿಗೆ ಈಚೆಗೆ ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ನೆರೆ ನಕ್ಷೆ ತಯಾರಿಸಬಹುದು. ಬಹುತೇಕ ನಕ್ಷೆಗಳಿಗೆ ಆಧಾರ, ಪುಕ್ಕಟೆ ಸಿಗುವ ಎಸ್‌ಆರ್‌ಟಿಎಂ ಅಥವಾ ಕೋಪರ್ನಿಕಸ್‌ ಎತ್ತರ ಮಾದರಿ, ಅಂದರೆ ನೆಲವನ್ನು 30 ಮೀಟರ್ ಚೌಕಗಳಾಗಿ ಹಂಚಿ ಪ್ರತಿ ಚೌಕದ ಎತ್ತರ ಹೇಳುವ ದತ್ತಾಂಶ. ಎರಡೂ ರೇಡಾರ್ ಅಳತೆಗಳು. ಮೊದಲನೆಯದಂತೂ 2000ದ ಫೆಬ್ರುವರಿಯದು. ರೇಡಾರ್ ದಟ್ಟ ಎಲೆಗಳನ್ನು ಪೂರ್ತಿ ದಾಟುವುದಿಲ್ಲ. ಹೀಗಾಗಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ತೆಂಗಿನ ತೋಟ, ಗಾಳಿಮರದ ತೋಪು ಎಲ್ಲವೂ ದಿಬ್ಬಗಳಾಗಿಬಿಡುತ್ತವೆ. ಉಬ್ಬರ–ಇಳಿತದ ಅಂತರವೇ ಎರಡು ಮೀಟರ್ ಆಸುಪಾಸು ಇರುವ ಕರಾವಳಿಯಲ್ಲಿ ಮೂರು ಮೀಟರ್ ಸುಳ್ಳು ಎತ್ತರ ಸೇರಿದರೆ ಮುಳುಗುವ ಕೇರಿ ನಕ್ಷೆಯಲ್ಲಿ ಒಣಗಿಯೇ ಇರುತ್ತದೆ.

ತಿದ್ದುವ ಸಾಧನವೂ ಪುಕ್ಕಟೆಯೇ. 2018ರಲ್ಲಿ ನಾಸಾ ಹಾರಿಸಿದ ಐಸ್‌ಸ್ಯಾಟ್-2 ಉಪಗ್ರಹ ಸೆಕೆಂಡಿಗೆ 10,000 ಬಾರಿ ಹಸಿರು ಲೇಸರ್ ಮಿಡಿಸುತ್ತದೆ. ಅದರ ಎಟಿಎಲ್08 ದತ್ತಾಂಶದಲ್ಲಿ ಪ್ರತಿ 100 ಮೀಟರ್ ತುಂಡಿಗೆ ನೆಲದ ಎತ್ತರ, ಮರದ ಎತ್ತರ ಬೇರೆಬೇರೆ ಸಿಗುತ್ತವೆ. ಹಾಗೆಂದು ಕಣ್ಣುಮುಚ್ಚಿ ಬಳಸುವಂತಿಲ್ಲ. ಲೇಸರ್ ಮೋಡ ದಾಟುವುದಿಲ್ಲವಾದ್ದರಿಂದ ಮಳೆಗಾಲದ ಅಳತೆ ಬೇಡ. ಸೂರ್ಯನ ಬೆಳಕಿನ ಗದ್ದಲವಿಲ್ಲದ ರಾತ್ರಿ ಉಪಗ್ರಹ ಸಾಗಿದ ಹಾದಿಗಳನ್ನೂ, ಒಂದು ಪ್ರಬಲ ಒಂದು ದುರ್ಬಲ ಎಂದು ಜೋಡಿಯಾಗಿ ಬರುವ ಅದರ ಕಿರಣಗಳಲ್ಲಿ ಪ್ರಬಲವಾದವನ್ನೂ ಆರಿಸಬೇಕು. ಉಪಗ್ರಹ ಆಗಾಗ ದಿಕ್ಕು ತಿರುಗುವುದರಿಂದ ಎಡ–ಬಲದ ಹೆಸರು ನೋಡಿ ಪ್ರಬಲ ಕಿರಣ ಯಾವುದೆಂದು ತೀರ್ಮಾನಿಸಿದರೆ ಅರ್ಧದಷ್ಟು ಸಲ ಮೋಸಹೋಗುತ್ತೇವೆ. ಕಡತದಲ್ಲಿರುವ ದಿಕ್ಸೂಚಕ ಅಂಕೆ ನೋಡಲೇಬೇಕು.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಲೇಸರ್ ಎತ್ತರ ಭೂಮಿಯ ಗಣಿತೀಯ ದೀರ್ಘಗೋಳದಿಂದ ಅಳೆದದ್ದು, ಮಾದರಿಯದು ಸಮುದ್ರಮಟ್ಟದಿಂದ. ಒಂದೇ ಜಿಯಾಯ್ಡ್‌ಗೆ (ಸರಾಸರಿ ಸಮುದ್ರಮಟ್ಟವನ್ನು ಪ್ರತಿನಿಧಿಸುವ ಕಲ್ಪಿತ ಮೇಲ್ಮೈಗೆ), ಉದಾಹರಣೆಗೆ ಇಜಿಎಂ2008ಕ್ಕೆ, ಎರಡನ್ನೂ ತರದಿದ್ದರೆ ಕಾರವಾರದ ಕಡಲತೀರವೇ ಸಮುದ್ರದಿಂದ ಹತ್ತಾರು ಮೀಟರ್ ಕೆಳಗೆ ಇಳಿದಿರುತ್ತದೆ! ಎಸ್‌ಆರ್‌ಟಿಎಂ ಹಳೆಯ ಇಜಿಎಂ96ರಲ್ಲಿದೆ ಎಂಬುದೂ ನೆನಪಿರಲಿ.

ಆಮೇಲೆ ಮಾದರಿಗೂ ಲೇಸರ್ ನೆಲಕ್ಕೂ ಇರುವ ವ್ಯತ್ಯಾಸ ತೆಗೆದು ಕಾಂಡ್ಲಾ, ತೆಂಗು, ಗದ್ದೆ, ಪೇಟೆ ಎಂದು ವಿಂಗಡಿಸಿ ಪ್ರತಿಯೊಂದರ ವ್ಯತ್ಯಾಸದ ಮಧ್ಯಾಂಕವನ್ನು (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆಯನ್ನು) ಮಾದರಿಯಿಂದ ಪ್ರತ್ಯೇಕವಾಗಿ ಕಳೆಯಬೇಕು. ಇಡೀ ಜಿಲ್ಲೆಗೆ ಒಂದೇ ಸಂಖ್ಯೆ ಕಳೆದರೆ ತೋಟದ ದಿಬ್ಬ ಉಳಿದು ಗದ್ದೆ ಹೊಂಡವಾಗುತ್ತದೆ. ಸಿರ್ಸಿ, ಯಲ್ಲಾಪುರದ ಘಟ್ಟದ ಇಳಿಜಾರಿಗೆ ಈ ವಿಧಾನ ಹಚ್ಚಬೇಡಿ: 30 ಡಿಗ್ರಿ ಇಳಿಜಾರಿನಲ್ಲಿ ಒಂದು ಚೌಕದಷ್ಟು ಅತ್ತಿತ್ತ ಸರಿದರೆ 17 ಮೀಟರ್ ತಪ್ಪು. ತಿದ್ದುಪಡಿ ಸರಿಯಾಯಿತೇ ಎಂಬ ಪರೀಕ್ಷೆಗೆ ಬಿಡಿ ಲೇಸರ್ ಬಿಂದುಗಳನ್ನಲ್ಲ, ಉಪಗ್ರಹದ ಇಡೀ ಹಾದಿಗಳನ್ನೇ ತೆಗೆದಿಡಬೇಕು. ಅಕ್ಕಪಕ್ಕದ ಬಿಂದುಗಳು ಹೇಗೂ ಒಂದನ್ನೊಂದು ಹೋಲುತ್ತವೆ.

ಅಳಿವೆ ದಂಡೆಯ ಉಪ್ಪುನೀರಿನ ಗದ್ದೆಗಳಾದ ಗಜನಿ ಭೂಮಿಯ ಕತೆ ಬೇರೆ. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತದ ನೀರು, ಕೊಯ್ಲಿನ ನಂತರ ಸಿಗಡಿ, ಮೀನಿಗೆಂದು ಬಿಟ್ಟ ಉಪ್ಪುನೀರು. ಅಲ್ಲಿ ಲೇಸರ್ ಅಳೆಯುವುದು ಬಹುಪಾಲು ನೀರಿನ ಮೇಲ್ಮೈಯನ್ನೇ. ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಒಡ್ಡುಗಳಂತೂ 30 ಮೀಟರ್ ಚೌಕದೊಳಗೆ ಕರಗಿಹೋಗುತ್ತವೆ. ಇವೆರಡನ್ನೂ ಡಿಜಿಪಿಎಸ್ (ಹೆಚ್ಚು ನಿಖರವಾದ ಜಿಪಿಎಸ್) ಹಿಡಿದು ನಡೆದೇ ಅಳೆದು ಮಾದರಿಗೆ ಸೇರಿಸಬೇಕು, ಬೇರೆ ದಾರಿಯಿಲ್ಲ.

ಪಂಚಾಯಿತಿಗಳಿಗೆ ಕೊಡುವ ನೆರೆ ನಕ್ಷೆಯ ಅಂಚಿನಲ್ಲಿ ಮೂಲ ಮಾದರಿ, ಬಳಸಿದ ಜಿಯಾಯ್ಡ್ ಮತ್ತು ಕಾಂಡ್ಲಾ, ತೋಟ, ಗದ್ದೆಗೆ ಪ್ರತ್ಯೇಕವಾಗಿ ಉಳಿದ ದೋಷ ಎಷ್ಟು ಮೀಟರ್ ಎಂಬುದನ್ನು ಅಚ್ಚು ಹಾಕುವಂತೆ ಜಿಲ್ಲಾಡಳಿತ ಕಡ್ಡಾಯ ಮಾಡಲಿ.

– ಭೂಮಾಪನ ಬಲ್ಲ ಓದುಗರು, ಕುಮಟಾ